ಬಾಗಿಲ ಹೊರಗೆ ಅಮ್ಮನ ದನಿ

ಪ್ರಶ್ನೆ: ನಾವು ಮುಂಬೈ ಹತ್ತಿರದ ಡೊಂಬಿವಲಿಯ ಏಳು ಮಂದಿ ಗೆಳೆಯ ಗೆಳತಿಯರು. ಹದಿಮೂರರಿಂದ ಹತ್ತೊಂಬತ್ತು ವರ್ಷದೊಳಗಿನವರು. ಕನ್ನಡ ಸಂಘದ ನಾಟಕಗಳಲ್ಲಿ ಒಟ್ಟಿಗೆ ಅಭಿನಯಿಸಿದ್ದೇವೆ. ಈಗ ಒಂದು ಹಾರರ್ ಸಿನಿಮಾ ಮಾಡುವ ಆಸೆ. ನಾಲ್ಕು ಮಹಡಿಯ ಕಟ್ಟಡದಿಂದ ಮಳೆಗಾಲದ ಒಂದು ರಾತ್ರಿ ದೊಡ್ಡವರೆಲ್ಲ ಕಾಣೆಯಾಗುತ್ತಾರೆ. ಉಳಿದ ಮಕ್ಕಳು ನಾಲ್ಕು ದಿನ ಬದುಕಬೇಕು. ಕೈಯಲ್ಲಿರುವುದು ಒಂದೂವರೆ ಲಕ್ಷ ರೂಪಾಯಿ, ಒಂದು ಕ್ಯಾಮೆರಾ ಮತ್ತು ನಮ್ಮದೇ ಕಟ್ಟಡ. ದೊಡ್ಡವರು ಎಲ್ಲಿಗೆ ಹೋದರೆಂದು ಹೇಳಲೇಬೇಕೆ? ದೆವ್ವ ತೋರಿಸಲು ದುಡ್ಡಿಲ್ಲದಿದ್ದರೆ ಹೆದರಿಸುವುದು ಹೇಗೆ? ಕೊನೆಯಲ್ಲಿ ದೊಡ್ಡವರು ಮರಳಿ ಬರಬೇಕೆ?

ಉತ್ತರ: ಪತ್ರದ ಜೊತೆ ನೀವು ಕಳುಹಿಸಿದ ಕಥೆಯನ್ನು ಎರಡು ಸಲ ಓದಿದೆ. ಮೂರನೆಯ ಪುಟದಲ್ಲಿ ಕನ್ನಡಿಯೊಳಗಿಂದ ಕೈ ಹೊರಬರುತ್ತದೆ, ಐದರಲ್ಲಿ ನೀರಿನ ಟ್ಯಾಂಕಿನಿಂದ ಹೊಗೆ ಏಳುತ್ತದೆ, ಆರರಲ್ಲಿ ಬಿಳಿ ಸೀರೆ ಬರುತ್ತದೆ. ಇದನ್ನೆಲ್ಲ ಓದುವಾಗ ನನಗೆ ಏನೂ ಅನಿಸಲಿಲ್ಲ. ಒಂಬತ್ತನೆಯ ಪುಟದಲ್ಲಿ ಎಲ್ಲರಿಗಿಂತ ಚಿಕ್ಕ ಹುಡುಗ ಫ್ರಿಜ್ ತೆರೆದು ನಿಂತು, “ಅಕ್ಕಾ, ಹಾಲು ಎಷ್ಟು ದಿನಕ್ಕೆ ಕೆಡುತ್ತದೆ?” ಎಂದು ಕೇಳುತ್ತಾನೆ. ಅಕ್ಕನಿಗೂ ಗೊತ್ತಿಲ್ಲ. ಅಲ್ಲಿ ನನ್ನ ಬೆನ್ನು ತಣ್ಣಗಾಯಿತು. ನಿಮ್ಮ ಸಿನಿಮಾ ಆ ಒಂದು ಸಾಲಿನಲ್ಲಿದೆ. ಕನ್ನಡಿ, ಹೊಗೆ, ಸೀರೆ ಮೂರನ್ನೂ ಹೊಡೆದುಹಾಕಿ, ಆ ಸಾಲಿನಿಂದ ಮತ್ತೆ ಬರೆಯಲು ಶುರುಮಾಡಿ.

ನಾನು ಮುಂಬೈಯಲ್ಲಿ ಮೂವತ್ತು ವರ್ಷಗಳಿಂದ ಸಿನಿಮಾಗಳಿಗೆ ಧ್ವನಿಮುದ್ರಣದ ಕೆಲಸ ಮಾಡುತ್ತಿದ್ದೇನೆ. ಹಾಗಾಗಿ ನನ್ನ ಉತ್ತರ ಕಣ್ಣಿಗಿಂತ ಕಿವಿಯ ಕಡೆಗೇ ವಾಲುತ್ತದೆ. ಕಡಿಮೆ ದುಡ್ಡಿನ ಹಾರರ್ ಸಿನಿಮಾಕ್ಕೆ ಅದೇ ಸರಿಯಾದ ದಾರಿ ಎಂದೂ ನಂಬಿದ್ದೇನೆ.

ಮೊದಲ ಪ್ರಶ್ನೆ. ದೊಡ್ಡವರು ಎಲ್ಲಿಗೆ ಹೋದರೆಂದು ಹೇಳಬೇಡಿ. ಶಾಪ, ವೈರಸ್, ಸರ್ಕಾರದ ರಹಸ್ಯ ಪ್ರಯೋಗ, ಏನು ಹೇಳಿದರೂ ನೋಡುವವರು ಅದನ್ನು ತಕ್ಕಡಿಗೆ ಹಾಕಿ ತೂಗಲು ಕೂರುತ್ತಾರೆ. ತೂಗುತ್ತಿರುವ ಮನಸ್ಸಿಗೆ ಹೆದರಿಕೆ ಆಗುವುದಿಲ್ಲ. ಆದರೆ ಅವರು ಏನನ್ನು ಅರ್ಧಕ್ಕೆ ಬಿಟ್ಟು ಹೋದರು ಎನ್ನುವುದು ನಿಮಗೆ ಮನೆಮನೆಯದೂ ಗೊತ್ತಿರಬೇಕು. ಒಂದು ಉದಾಹರಣೆ ಕೊಡುತ್ತೇನೆ. ಆ ರಾತ್ರಿ ಮೂರನೆಯ ಮಹಡಿಯ ಅಮ್ಮ ಮರುದಿನದ ದೋಸೆಗೆಂದು ಅಕ್ಕಿ, ಉದ್ದು ನೆನೆಹಾಕಿದ್ದಳು. ರುಬ್ಬಲು ಅವಳಿಲ್ಲ. ಮೊದಲ ದಿನ ಅಕ್ಕಿ ಉಬ್ಬಿ ಬೆಳ್ಳಗಿರುತ್ತದೆ. ಎರಡನೆಯ ದಿನ ನೀರಿನ ಮೇಲೆ ನೊರೆ ಕಟ್ಟುತ್ತದೆ. ಮೂರನೆಯ ದಿನ ಉದ್ದಿನ ಲೋಳೆ ಪಾತ್ರೆಯ ಅಂಚಿಗೆ ಅಂಟಿ, ನೊರೆಯ ಗುಳ್ಳೆಗಳು ಒಂದೊಂದಾಗಿ ಒಡೆಯುತ್ತವೆ. ನಾಲ್ಕನೆಯ ದಿನ ಯಾರೂ ಆ ಅಡುಗೆಮನೆಗೆ ಕಾಲಿಡುವುದಿಲ್ಲ. ದಿನಕ್ಕೊಮ್ಮೆ ಆ ಪಾತ್ರೆಯನ್ನು ಹತ್ತಿರದಿಂದ ತೋರಿಸಿದರೆ ‘ಎರಡನೆಯ ದಿನ’, ‘ಮೂರನೆಯ ದಿನ’ ಎಂದು ಪರದೆಯ ಮೇಲೆ ಬರೆಯುವ ಅಗತ್ಯವೇ ಇಲ್ಲ. ಕಾಲ ಕಳೆಯುತ್ತಿರುವುದು, ಕೆಡುತ್ತಿರುವುದು, ಅಮ್ಮ ಬಾರದಿರುವುದು ಮೂರೂ ಒಂದೇ ಪಾತ್ರೆಯಲ್ಲಿ ಕಾಣುತ್ತವೆ. ಖರ್ಚು ಒಂದು ಪಾವು ಅಕ್ಕಿ. ಮುಚ್ಚಳ ತೆಗೆಯುವಾಗಿನ ಸದ್ದನ್ನು ಮಾತ್ರ ಮೈಕನ್ನು ಪಾತ್ರೆಗೆ ತಾಗುವಷ್ಟು ಹತ್ತಿರ ಹಿಡಿದು ಮುದ್ರಿಸಿಕೊಳ್ಳಿ.

ಇದೇ ರೀತಿ ನಿಮ್ಮ ಕಟ್ಟಡದಲ್ಲಿ ದೊಡ್ಡವರು ದಿನವೂ ಮಾಡುವ, ನೀವು ಎಂದೂ ಗಮನಿಸದ ಕೆಲಸಗಳನ್ನು ಪಟ್ಟಿ ಮಾಡಿ. ಬೆಳಗ್ಗೆ ನೀರು ಬಂದಾಗ ಕೆಳಗಿನ ಟ್ಯಾಂಕಿನಿಂದ ಮೇಲಿನ ಟ್ಯಾಂಕಿಗೆ ಏರಿಸಲು ಮೋಟಾರ್ ಹಾಕುವವರು ಯಾರು? ವಾಚ್‌ಮನ್ ಇರಬಹುದು. ಅವನೂ ದೊಡ್ಡವನೇ, ಅವನೂ ಇಲ್ಲ. ಹಾಗಾದರೆ ಮೊದಲ ದಿನ ಸಂಜೆಯೊಳಗೆ ನಲ್ಲಿಗಳು ಗೊರಗೊರ ಎಂದು ಗಾಳಿ ಉಗುಳಿ ಒಣಗುತ್ತವೆ. ಮೋಟಾರ್ ಕೋಣೆಯ ಬೀಗದ ಕೈ ಎಲ್ಲಿದೆ? ಒಳಗೆ ನಾಲ್ಕು ಸ್ವಿಚ್‌ಗಳಿದ್ದರೆ ಯಾವುದನ್ನು ಒತ್ತಬೇಕು? ಹದಿನೇಳರ ಹುಡುಗನೊಬ್ಬ ಟಾರ್ಚ್ ಹಿಡಿದು ಆ ಕತ್ತಲ ಕೋಣೆಗೆ ಇಳಿಯುವ ದೃಶ್ಯಕ್ಕೆ ದೆವ್ವ ಬೇಕಾಗಿಲ್ಲ. ಒದ್ದೆ ಕೈಯಲ್ಲಿ ಸ್ವಿಚ್ ಮುಟ್ಟುವ ಹೆದರಿಕೆ ನೋಡುವ ಪ್ರತಿಯೊಬ್ಬರಿಗೂ ಗೊತ್ತಿದೆ. (ಚಿತ್ರೀಕರಣದಲ್ಲಿ ಆ ಕೋಣೆಯ ಮುಖ್ಯ ಸ್ವಿಚ್ ಆರಿಸಿರಲಿ, ಪಕ್ಕದಲ್ಲಿ ಎಲೆಕ್ಟ್ರಿಷಿಯನ್ ನಿಂತಿರಲಿ. ಇದರಲ್ಲಿ ರಾಜಿ ಬೇಡ.) ಗ್ಯಾಸ್ ಸಿಲಿಂಡರ್ ಬದಲಿಸುವುದು, ಎರಡನೆಯ ಮಹಡಿಯ ಕೂಸಿಗೆ ಮಧ್ಯರಾತ್ರಿ ಹಾಲು ಕಾಯಿಸುವುದು, ಯಾರದೋ ಫೋನ್ ನಾಲ್ಕು ದಿನವೂ ಒಳಗೆಲ್ಲೋ ಸದ್ದು ಮಾಡುವುದು, ಇವೆಲ್ಲ ಆ ಪಟ್ಟಿಗೆ ಸೇರುತ್ತವೆ.

ಎರಡನೆಯ ಪ್ರಶ್ನೆಗೆ ಬರುವ ಮೊದಲು ನನ್ನ ಮನೆಯಲ್ಲಿ ನಡೆದದ್ದೊಂದನ್ನು ಹೇಳಬೇಕು. 2005ರ ಜುಲೈ 26ರಂದು ಮುಂಬೈ ಉಪನಗರ ಸಾಂತಾಕ್ರೂಜ್‌ನಲ್ಲಿ ಇಪ್ಪತ್ನಾಲ್ಕು ಗಂಟೆಯಲ್ಲಿ 944 ಮಿಲಿಮೀಟರ್ ಮಳೆ ಸುರಿಯಿತು. ಅದೇ ದಿನ ನಗರದ ದಕ್ಷಿಣ ತುದಿಯ ಕೊಲಾಬಾದಲ್ಲಿ ಬಿದ್ದದ್ದು ನೂರು ಮಿಲಿಮೀಟರಿಗಿಂತ ಕಡಿಮೆ. ಹಾಗಾಗಿ ದಕ್ಷಿಣ ಮುಂಬೈಯ ಕಚೇರಿಗಳಲ್ಲಿ ಕುಳಿತವರಿಗೆ ಉಪನಗರ ಮುಳುಗುತ್ತಿದೆ ಎಂಬುದು ತಿಳಿಯುವ ಹೊತ್ತಿಗೆ ರೈಲುಗಳು ನಿಂತಿದ್ದವು. ನಾವಿದ್ದದ್ದು ಕಾಲಿನಾದ ಒಂದು ಕಟ್ಟಡದ ಮೊದಲ ಮಹಡಿಯಲ್ಲಿ. ನಾನು ಅಂಧೇರಿಯ ಸ್ಟುಡಿಯೋದಲ್ಲಿ, ನನ್ನ ಹೆಂಡತಿ ಫೋರ್ಟ್‌ನ ಕಚೇರಿಯಲ್ಲಿ ಸಿಕ್ಕಿಬಿದ್ದೆವು. ಮನೆಯಲ್ಲಿದ್ದದ್ದು ಹದಿಮೂರು ವರ್ಷದ ಮಗಳು, ಒಂಬತ್ತು ವರ್ಷದ ಮಗ. ವಿದ್ಯುತ್ ಇಲ್ಲ, ಫೋನ್ ಇಲ್ಲ. ನೀರು ಮೆಟ್ಟಿಲಲ್ಲಿ ಒಂದೊಂದೇ ಹಂತ ಏರುತ್ತಿತ್ತು.

ಮಗಳು ಗ್ಯಾಸ್ ಆರಿಸಿದಳು. ಅಕ್ಕಿ ಡಬ್ಬ, ರೇಷನ್ ಕಾರ್ಡು, ತಮ್ಮನ ಶಾಲೆಯ ಚೀಲವನ್ನು ಕಪಾಟಿನ ಮೇಲಿಟ್ಟಳು. ಎಷ್ಟು ಮೆಟ್ಟಿಲು ಮುಳುಗಿವೆ ಎಂದು ಎಣಿಸುವ ಕೆಲಸವನ್ನು ತಮ್ಮನಿಗೆ ಕೊಟ್ಟಳು. ಹೆದರಿದ ಮಗುವಿಗೆ ಕೆಲಸ ಕೊಡಬೇಕೆಂಬುದು ಅವಳಿಗೆ ಹೇಗೆ ಹೊಳೆಯಿತೋ ತಿಳಿಯದು. ರಾತ್ರಿ ಹನ್ನೊಂದರ ಸುಮಾರಿಗೆ ಯಾರೋ ಬಾಗಿಲು ಬಡಿದರು. ಹೆಸರು ಹಿಡಿದು ಕರೆದರು. ನಾವು ಹೊರಗೆ ಹೋಗುವಾಗ ಪ್ರತಿದಿನ ಹೇಳುತ್ತಿದ್ದ ಮಾತು ಒಂದೇ: “ಯಾರು ಬಂದರೂ ಬಾಗಿಲು ತೆಗೆಯಬೇಡಿ.” ಅವಳು ತೆಗೆಯಲಿಲ್ಲ. ತಮ್ಮನ ಬಾಯಿಗೆ ಅಂಗೈ ಒತ್ತಿ ಹಿಡಿದು, ಬಾಗಿಲಿಗೆ ಬೆನ್ನು ಕೊಟ್ಟು ಕುಳಿತಳು. ಬಡಿತ ಮೂರು ಸಲ ಆಯಿತು, ನಿಂತಿತು. ಬೆಳಗ್ಗೆ ಗೊತ್ತಾಯಿತು, ಬಂದವರು ಎರಡನೆಯ ಮಹಡಿಯ ನೆರೆಯವರು. ಮಕ್ಕಳಿಬ್ಬರೇ ಇದ್ದಾರೆಂದು ತಿಳಿದು, ಕತ್ತಲಲ್ಲಿ ತಡವರಿಸಿಕೊಂಡು ಇಳಿದು ಬಂದಿದ್ದರು. ಬಿಸ್ಕತ್ತಿನ ಪೊಟ್ಟಣವೊಂದನ್ನು ಹೊಸ್ತಿಲ ಹೊರಗೆ ಇಟ್ಟು ಹೋಗಿದ್ದರು.

ಮಗಳಿಗೆ ಈಗ ಮೂವತ್ತು ದಾಟಿದೆ. ಆ ರಾತ್ರಿಯ ಬಗ್ಗೆ ಕೇಳಿದರೆ ಅವಳು ನೀರಿನ ಮಾತು ಎತ್ತುವುದಿಲ್ಲ. ಆ ಬಡಿತವನ್ನೇ ಹೇಳುತ್ತಾಳೆ. ನಿಮ್ಮ ಸಿನಿಮಾದ ಬೆನ್ನೆಲುಬು ಇಲ್ಲಿದೆ ಎಂದು ನನಗೆ ತೋರುತ್ತದೆ. ದೊಡ್ಡವರು ಹೋದರೂ ಅವರ ಮಾತು ಮನೆಯಲ್ಲೇ ಉಳಿದಿರುತ್ತದೆ. ಬಾಗಿಲು ತೆಗೆಯಬೇಡ, ಒಲೆ ಮುಟ್ಟಬೇಡ, ತಾರಸಿಗೆ ಹೋಗಬೇಡ, ತಮ್ಮನನ್ನು ಬಿಟ್ಟು ಎಲ್ಲಿಗೂ ಹೋಗಬೇಡ. ಮೊದಲ ರಾತ್ರಿ ಈ ಮಾತುಗಳು ಮಕ್ಕಳನ್ನು ಕಾಪಾಡುತ್ತವೆ. ಮೂರನೆಯ ದಿನಕ್ಕೆ ಅವೇ ಮಾತುಗಳನ್ನು ಪಾಲಿಸಿದರೆ ಹಸಿವು, ಬಾಯಾರಿಕೆ. ಯಾವುದನ್ನು ಮೀರಬೇಕು, ಯಾವುದನ್ನು ಉಳಿಸಿಕೊಳ್ಳಬೇಕು ಎಂದು ಹೇಳಲು ಯಾರೂ ಇಲ್ಲ. ಹೆದರಿಕೆ ಅಲ್ಲಿಂದ ಹುಟ್ಟಲಿ.

ಇನ್ನು ದೆವ್ವ. ನಿಮಗೆ ದೆವ್ವ ಬೇಕೇ ಬೇಕೆಂದಿದ್ದರೆ ಕನ್ನಡದವರ ಬಳಿ ಒಂದು ರೂಪಾಯಿಯೂ ಖರ್ಚಿಲ್ಲದ ದೆವ್ವ ಇದೆ. ತೊಂಬತ್ತರ ದಶಕದಲ್ಲಿ ಕರ್ನಾಟಕದ ಎಷ್ಟೋ ಊರುಗಳಲ್ಲಿ ಮನೆಯ ಬಾಗಿಲ ಮೇಲೆ, ಗೋಡೆಯ ಮೇಲೆ ‘ನಾಳೆ ಬಾ’ ಎಂದು ಬರೆದಿದ್ದರು. ರಾತ್ರಿ ಹೊತ್ತು ದೆವ್ವವೊಂದು ಬಂದು ಮನೆಯವರದೇ ದನಿಯಲ್ಲಿ ಕರೆಯುತ್ತದೆ, ಓಗೊಟ್ಟವರು ಉಳಿಯುವುದಿಲ್ಲ ಎಂಬ ಸುದ್ದಿ. ಬರಹ ಓದಿದ ದೆವ್ವ ಹಿಂದಕ್ಕೆ ಹೋಗುತ್ತದೆ, ಮರುದಿನ ಬಂದರೂ ಅದೇ ಬರಹ. ನಿಮ್ಮ ಅಪ್ಪ ಅಮ್ಮಂದಿರಲ್ಲಿ ಆಗ ಊರಿನಲ್ಲಿದ್ದವರನ್ನು ಕೇಳಿ, ಹೇಳುತ್ತಾರೆ. ಈ ದೆವ್ವಕ್ಕೆ ಮುಖವಿಲ್ಲ, ವೇಷವಿಲ್ಲ. ಇರುವುದು ದನಿ ಮಾತ್ರ, ಅದೂ ನಮ್ಮವರದೇ ದನಿ. ಮುಚ್ಚಿದ ಬಾಗಿಲು, ಹೊರಗೆ ಅಮ್ಮನ ದನಿ. ಇಷ್ಟು ಸಾಕು.

ಇದನ್ನು ಡೊಂಬಿವಲಿಗೆ ತಂದಾಗ ಊರಿನಲ್ಲಿ ಇಲ್ಲದ ಒಂದು ತೊಡಕು ಎದುರಾಗುತ್ತದೆ, ಮತ್ತು ಅದೇ ನಿಮ್ಮ ಸಿನಿಮಾದ ಅತ್ಯುತ್ತಮ ದೃಶ್ಯವಾಗಬಹುದು. ನಿಮ್ಮ ಏಳು ಮಂದಿಯಲ್ಲಿ ಕನ್ನಡ ಬರೆಯಲು ಎಷ್ಟು ಜನರಿಗೆ ಬರುತ್ತದೆ? ಇಂಗ್ಲಿಷ್ ಮಾಧ್ಯಮದಲ್ಲಿ ಕಲಿತ, ಮನೆಯಲ್ಲಿ ಕನ್ನಡವೋ ತುಳುವೋ ಮಾತನಾಡುವ, ಅಕ್ಷರ ಬಾರದ ಮಕ್ಕಳು ಮುಂಬೈಯಲ್ಲಿ ಮನೆಗೊಬ್ಬರಿದ್ದಾರೆ. ಕತ್ತಲಲ್ಲಿ, ಬಾಗಿಲ ಮೇಲೆ ಸೀಮೆಸುಣ್ಣದಿಂದ ಎರಡು ಪದ ಬರೆಯಬೇಕು. ಸಂಘದ ಕನ್ನಡ ತರಗತಿಗೆ ನಾಲ್ಕು ವಾರ ಹೋಗಿ ಬಿಟ್ಟ ಹುಡುಗಿಯೊಬ್ಬಳಿಗೆ ಮಾತ್ರ ಅಕ್ಷರ ಅಷ್ಟಿಷ್ಟು ನೆನಪಿದೆ. ಅವಳು ‘ನಾಲೆ ಬಾ’ ಎಂದು ಬರೆಯುತ್ತಾಳೆ. ಕನ್ನಡ ಓದಬಲ್ಲ ಪ್ರತಿ ಪ್ರೇಕ್ಷಕನಿಗೂ ತಪ್ಪು ಕಾಣುತ್ತದೆ, ಒಳಗಿರುವ ಮಕ್ಕಳಿಗೆ ಕಾಣುವುದಿಲ್ಲ. ಅವರು ನಿಶ್ಚಿಂತೆಯಿಂದ ಮಲಗುತ್ತಾರೆ. ಳಕಾರದ ಜಾಗದಲ್ಲಿ ಕುಳಿತ ಆ ಲಕಾರವನ್ನು ಕ್ಯಾಮೆರಾ ಹತ್ತು ಸೆಕೆಂಡು ನೋಡುತ್ತಿರಲಿ. ಸಂಗೀತ ಬೇಡ.

ಭಾಷೆಯ ಬಗ್ಗೆ ಇನ್ನೊಂದು ಮಾತು. ನಿಮ್ಮ ಕಥೆಯಲ್ಲಿ ಏಳೂ ಮಕ್ಕಳು ಅಚ್ಚ ಕನ್ನಡದಲ್ಲಿ ಮಾತನಾಡುತ್ತಾರೆ. ನಿಜವಾಗಿ ಹಾಗೆ ಮಾತನಾಡುತ್ತೀರಾ? ನಿಮ್ಮೊಳಗೆ ಹಿಂದಿ, ಮರಾಠಿ; ಅಮ್ಮನ ಹತ್ತಿರ ಕನ್ನಡ. ಅದನ್ನೇ ಬಳಸಿಕೊಳ್ಳಿ. ದೊಡ್ಡವರು ಮಾಯವಾದ ಕ್ಷಣದಿಂದ ಕಟ್ಟಡದಲ್ಲಿ ಕನ್ನಡವೇ ಕೇಳುವುದಿಲ್ಲ. ಉಳಿದಿರುವುದು ಫೋನಿನಲ್ಲಿರುವ ಹಳೆಯ ಧ್ವನಿ ಸಂದೇಶಗಳಲ್ಲಿ: “ಬರುವಾಗ ಕೊತ್ತಂಬರಿ ತಾ, ಮರೆಯಬೇಡ.” ಹೀಗಿರುವಾಗ ಬಾಗಿಲ ಹೊರಗಿನಿಂದ ಕನ್ನಡದಲ್ಲಿ ಕರೆ ಬಂದರೆ ಅದರ ಸೆಳೆತವೇ ಬೇರೆ. ನಾಲ್ಕನೆಯ ದಿನ ದೊಡ್ಡ ಹುಡುಗಿ ಚಿಕ್ಕವನನ್ನು ಗದರುವಾಗ ತನಗರಿವಿಲ್ಲದೆ ಅಮ್ಮನ ಕನ್ನಡದಲ್ಲಿ ಗದರಿದರೆ, ಅವಳು ಎಷ್ಟು ದೂರ ಬಂದಿದ್ದಾಳೆಂದು ಬೇರೆ ಹೇಳಬೇಕಾಗಿಲ್ಲ.

ಹನ್ನೊಂದನೆಯ ಪುಟದ ಬಗ್ಗೆ ನನ್ನ ತಕರಾರಿದೆ. ಅಲ್ಲಿ ಮಕ್ಕಳು ಎರಡು ಗುಂಪಾಗಿ ಒಡೆದು, ಒಬ್ಬ ಚಾಕು ಎತ್ತುತ್ತಾನೆ. ದೊಡ್ಡವರಿಲ್ಲದಿದ್ದರೆ ಮಕ್ಕಳು ಕಾಡುಪ್ರಾಣಿಗಳಾಗುತ್ತಾರೆ ಎಂಬ ನಂಬಿಕೆ ದೊಡ್ಡವರು ಬರೆದ ಕಥೆಗಳಿಂದ ಬಂದದ್ದು. ನಡೆದ ಸಂಗತಿಯೊಂದನ್ನು ಕೇಳಿ. 1965ರಲ್ಲಿ ಪೆಸಿಫಿಕ್ ಸಾಗರದ ಟೊಂಗಾ ದೇಶದ ವಸತಿ ಶಾಲೆಯೊಂದರಿಂದ ಹದಿಹರೆಯದ ಆರು ಹುಡುಗರು ದೋಣಿಯೊಂದನ್ನು ತೆಗೆದುಕೊಂಡು ಹೊರಟರು. ಬಿರುಗಾಳಿಗೆ ಸಿಕ್ಕಿ, ದಿನಗಟ್ಟಲೆ ತೇಲಿ, ಅಟಾ ಎಂಬ ನಿರ್ಜನ ದ್ವೀಪ ಸೇರಿದರು. ಅಲ್ಲಿ ಹದಿನೈದು ತಿಂಗಳು ಬದುಕಿದರು. ಮರದ ದಿಮ್ಮಿಗಳನ್ನು ಕೊರೆದು ಮಳೆನೀರು ಹಿಡಿದರು, ಹೊತ್ತಿಸಿದ ಬೆಂಕಿಯನ್ನು ಆರಲು ಬಿಡಲಿಲ್ಲ, ಸರದಿಯ ಮೇಲೆ ಕೆಲಸ ಹಂಚಿಕೊಂಡರು. ಒಬ್ಬನ ಕಾಲು ಮುರಿದಾಗ ಕಡ್ಡಿ ಕಟ್ಟಿ ಕೂಡಿಸಿದರು. ಜಗಳವಾದರೆ ಇಬ್ಬರೂ ದ್ವೀಪದ ಬೇರೆ ಬೇರೆ ಕಡೆ ಹೋಗಿ ಸಿಟ್ಟು ಇಳಿದ ಮೇಲೆ ಮರಳುತ್ತಿದ್ದರು. 1966ರ ಸೆಪ್ಟೆಂಬರಿನಲ್ಲಿ ಆಸ್ಟ್ರೇಲಿಯಾದ ನಾವಿಕ ಪೀಟರ್ ವಾರ್ನರ್ ಅವರನ್ನು ಕಂಡಾಗ ಆರೂ ಮಂದಿ ಜೀವಂತವಾಗಿದ್ದರು.

ಅಷ್ಟು ದೂರ ಏಕೆ? ನಮ್ಮ ಮುಂಬೈ ಕನ್ನಡಿಗರ ಚರಿತ್ರೆಯೇ ದೊಡ್ಡವರಿಲ್ಲದೆ ಬದುಕಿದ ಮಕ್ಕಳ ಚರಿತ್ರೆ. ದಕ್ಷಿಣ ಕನ್ನಡದಿಂದ ಹತ್ತು, ಹನ್ನೆರಡನೆಯ ವಯಸ್ಸಿಗೆ ಹೊರಟು ಬಂದ ಹುಡುಗರು ಹೋಟೆಲುಗಳಲ್ಲಿ ಲೋಟ ತೊಳೆದರು. ಬಾಗಿಲು ಹಾಕಿದ ಮೇಲೆ ಅದೇ ಹೋಟೆಲಿನ ಬೆಂಚಿನ ಮೇಲೆ ಮಲಗಿದರು. ಫೋರ್ಟ್ ಪ್ರದೇಶದ ಕನ್ನಡ ರಾತ್ರಿ ಶಾಲೆಗಳಲ್ಲಿ ಕುಳಿತು ಓದಿದರು. ನಿಮ್ಮ ಕಟ್ಟಡದಲ್ಲೇ ಅಂಥ ಅಜ್ಜಂದಿರು ಒಬ್ಬಿಬ್ಬರು ಇದ್ದಾರು. ಹೋಗಿ ಕುಳಿತು, “ಮೊದಲ ರಾತ್ರಿ ಹೇಗಿತ್ತು ಅಜ್ಜಾ?” ಎಂದು ಕೇಳಿ. ನಾನು ಹೀಗೆ ಕೇಳಿದ ಹಿರಿಯರೊಬ್ಬರು ಹೇಳಿದ್ದು ಇಂದಿಗೂ ಕಿವಿಯಲ್ಲಿದೆ: ಊರಿನಲ್ಲಿ ರಾತ್ರಿ ಕಪ್ಪೆಯ ಸದ್ದು, ಇಲ್ಲಿ ರೈಲಿನ ಸದ್ದು, ರೈಲಿನ ಸದ್ದು ನಿಂತಾಗಲೇ ಅಳು ಬರುತ್ತಿತ್ತಂತೆ. ಅವರು ಯಾರೂ ಚಾಕು ಎತ್ತಲಿಲ್ಲ. ಹಾಸಿಗೆ ಹಂಚಿಕೊಂಡರು, ಒಬ್ಬನಿಗೆ ಜ್ವರ ಬಂದರೆ ಇನ್ನೊಬ್ಬ ಅವನ ಪಾಳಿ ಮಾಡಿದ. ಇದರ ಅರ್ಥ ನಿಮ್ಮ ಮಕ್ಕಳು ಜಗಳವಾಡಬಾರದೆಂದಲ್ಲ. ಕೊನೆಯ ಬಾಟಲಿ ನೀರು ಕೂಸಿಗೋ, ಜ್ವರದಲ್ಲಿರುವ ಗೆಳತಿಗೋ ಎಂದು ಜಗಳವಾಡಲಿ. ಇಬ್ಬರ ವಾದವೂ ಸರಿಯಾಗಿದ್ದಾಗ ನೋಡುವವನ ಹೊಟ್ಟೆ ಹಿಂಡುತ್ತದೆ. ಚಾಕು ಬಂದ ತಕ್ಷಣ ಯಾರು ಕೆಟ್ಟವನೆಂದು ಗೊತ್ತಾಗಿ ಎಲ್ಲರೂ ನಿರಾಳವಾಗುತ್ತಾರೆ.

ಈಗ ಕೆಲಸದ ಮಾತು. ಕಡಿಮೆ ದುಡ್ಡಿನಲ್ಲಿ ಹಾರರ್ ಮಾಡಿದವರಿಂದ ಕಲಿಯಬೇಕಾದದ್ದು ಬಹಳವಿದೆ. 1968ರಲ್ಲಿ ತೆರೆಕಂಡ, ಅಮೆರಿಕದ ಪಿಟ್ಸ್‌ಬರ್ಗ್ ಹತ್ತಿರ ಮಾಡಿದ ‘ನೈಟ್ ಆಫ್ ದಿ ಲಿವಿಂಗ್ ಡೆಡ್’ ಸುಮಾರು 1,14,000 ಡಾಲರಿನಲ್ಲಿ ಮುಗಿಯಿತು. ಕಪ್ಪುಬಿಳುಪು ಚಿತ್ರವಾದ್ದರಿಂದ ರಕ್ತದ ಬದಲು ಚಾಕೊಲೇಟ್ ಸಿರಪ್ ಸುರಿದರು. ಅದಕ್ಕಿಂತ ಮುಖ್ಯವಾದದ್ದು, ಬಹುಪಾಲು ಕಥೆ ಒಂದೇ ತೋಟದ ಮನೆಯಲ್ಲಿ ನಡೆಯುತ್ತದೆ, ಹೊರಗಿನ ಜಗತ್ತು ಏನಾಗುತ್ತಿದೆ ಎನ್ನುವುದು ರೇಡಿಯೋ, ಟಿವಿಯಿಂದ ತಿಳಿಯುತ್ತದೆ. ನಗರ ನಾಶವಾದದ್ದನ್ನು ತೋರಿಸಲು ದುಡ್ಡು ಬೇಕು, ಕೇಳಿಸಲು ಬೇಡ. ನಮ್ಮ ಮುಂಬೈಯ ರಾಮ್ಸೆ ಸಹೋದರರು 1972ರ ‘ದೋ ಗಜ್ ಜಮೀನ್ ಕೆ ನೀಚೆ’ ಚಿತ್ರವನ್ನು ಮಹಾಬಲೇಶ್ವರದಲ್ಲಿ ಚಿಕ್ಕ ತಂಡ ಕಟ್ಟಿಕೊಂಡು ಚಿತ್ರಿಸಿದರು. ನಿರ್ದೇಶನ, ಛಾಯಾಗ್ರಹಣ, ಧ್ವನಿ, ಸಂಕಲನ ಎಲ್ಲವನ್ನೂ ಅಣ್ಣತಮ್ಮಂದಿರೇ ಹಂಚಿಕೊಂಡರು. ನೀವು ಏಳು ಮಂದಿ ಇದ್ದೀರಿ, ಅವರೂ ಏಳು ಮಂದಿ. 1999ರ ‘ಬ್ಲೇರ್ ವಿಚ್ ಪ್ರಾಜೆಕ್ಟ್’ನಲ್ಲಿ ನಟರೇ ಕ್ಯಾಮೆರಾ ಹಿಡಿದು ಎಂಟು ದಿನ ಕಾಡಿನಲ್ಲಿ ಅಲೆದರು, ದಿನದಿಂದ ದಿನಕ್ಕೆ ಅವರ ಊಟ ಕಡಿಮೆ ಮಾಡಲಾಯಿತು. ಕ್ಯಾಮೆರಾ ಪಾತ್ರದ ಕೈಯಲ್ಲಿರುವ ಉಪಾಯವನ್ನು ಬೇಕಾದರೆ ತೆಗೆದುಕೊಳ್ಳಿ. ಊಟ ಕಡಿಮೆ ಮಾಡುವುದನ್ನು ಮಾತ್ರ ಮಾಡಬೇಡಿ. ನಿಮ್ಮ ತಂಡದಲ್ಲಿ ಚಿಕ್ಕವರಿದ್ದಾರೆ. ಹಸಿವನ್ನು ಅಭಿನಯಿಸಲಿ, ಅನುಭವಿಸುವುದು ಬೇಡ.

ಮಳೆಗಾಲದ ಕಥೆ ಎಂದು ಮಳೆಗಾಲದಲ್ಲಿ ಚಿತ್ರೀಕರಣಕ್ಕೆ ಇಳಿಯಬೇಡಿ. ಜುಲೈಯಲ್ಲಿ ಡೊಂಬಿವಲಿಯ ಕಿಟಕಿಯ ಮೇಲಿನ ತಗಡಿಗೆ ಬೀಳುವ ಮಳೆ ನಿಮ್ಮ ಒಂದು ಮಾತನ್ನೂ ಉಳಿಸುವುದಿಲ್ಲ. ಡಿಸೆಂಬರಿನಲ್ಲಿ ಚಿತ್ರಿಸಿ. ಕಿಟಕಿಯ ಗಾಜಿಗೆ ಗಿಡಕ್ಕೆ ನೀರು ಸಿಂಪಡಿಸುವ ಬಾಟಲಿಯಿಂದ ಹನಿ ಹೊಡೆಯಿರಿ, ಮಳೆಯನ್ನು ಧ್ವನಿಯಲ್ಲಿ ಸುರಿಸಿ. ಆ ಧ್ವನಿಯನ್ನು ಈ ಮಳೆಗಾಲದಲ್ಲೇ ಕೂಡಿಹಾಕಿಕೊಳ್ಳಿ: ತಗಡಿನ ಮೇಲಿನ ಮಳೆ, ಪ್ಲಾಸ್ಟಿಕ್ ಹಾಳೆಯ ಮೇಲಿನ ಮಳೆ, ಮೆಟ್ಟಿಲಿನ ಬುಡದಲ್ಲಿ ಕೇಳುವ ಮಳೆ, ಮುಚ್ಚಿದ ಸ್ನಾನಗೃಹದಿಂದ ಕೇಳುವ ಮಳೆ. ಒಂದೊಂದೂ ಐದು ನಿಮಿಷ ಇರಲಿ. ಚಿತ್ರೀಕರಣದಲ್ಲಿ ಪ್ರತಿ ಕೋಣೆಯಲ್ಲೂ ಕೆಲಸ ಮುಗಿದ ಮೇಲೆ ಎಲ್ಲರೂ ಉಸಿರು ಬಿಗಿಹಿಡಿದು ನಿಂತು ಒಂದು ನಿಮಿಷ ಆ ಕೋಣೆಯ ಮೌನವನ್ನು ಮುದ್ರಿಸಿಕೊಳ್ಳಿ. ಮೌನಕ್ಕೂ ಕೋಣೆಯಿಂದ ಕೋಣೆಗೆ ಬಣ್ಣ ಬೇರೆ. ಸಂಕಲನದ ಹೊತ್ತಿಗೆ ಈ ಒಂದು ನಿಮಿಷಕ್ಕಾಗಿ ನನ್ನನ್ನು ನೆನೆಯುತ್ತೀರಿ.

ದೊಡ್ಡವರಿಲ್ಲದ ಕಟ್ಟಡ ಹೇಗೆ ಕೇಳಿಸುತ್ತದೆ ಎಂದು ಯೋಚಿಸಿ. ಬೆಳಗ್ಗೆ ಏಳು ಗಂಟೆಗೆ ನಾಲ್ಕು ಮಹಡಿಯಲ್ಲಿ ಕುಕ್ಕರುಗಳು ಒಂದರ ಹಿಂದೆ ಒಂದು ಕೂಗುತ್ತವೆ. ಮೇಲಿನ ಮನೆಯ ಟಿವಿಯಲ್ಲಿ ಭಜನೆ, ಕೆಳಗೆ ಸ್ಕೂಟರ್ ಒದೆಯುವ ಸದ್ದು, ಯಾರೋ ಗಂಟಲು ಸರಿಮಾಡಿಕೊಳ್ಳುವ ಸದ್ದು. ಸಿನಿಮಾದ ಮೊದಲ ಮೂರು ನಿಮಿಷ ಇದನ್ನೆಲ್ಲ ತುಂಬಿ ಕೇಳಿಸಿ. ಮರುದಿನ ಬೆಳಗ್ಗೆ ಅದೇ ಕ್ಯಾಮೆರಾ, ಅದೇ ಜಾಗ, ಅದೇ ಬೆಳಕು, ಕುಕ್ಕರ್ ಕೂಗುವುದಿಲ್ಲ. ದೂರದಲ್ಲಿ ಕಾಗೆ ಮಾತ್ರ. ನಿಮ್ಮ ಮೊದಲ ಹೆದರಿಕೆ ಅದು.

ಬಾಗಿಲ ಹೊರಗಿನ ದನಿಯ ಬಗ್ಗೆ ಒಂದು ಗುಟ್ಟು ಹೇಳುತ್ತೇನೆ. ನಿಮ್ಮಲ್ಲೊಬ್ಬರ ಅಮ್ಮನನ್ನೇ ಕರೆದು, ನಿಜವಾಗಿ ಮುಚ್ಚಿದ ಬಾಗಿಲಿನ ಹೊರಗೆ ನಿಲ್ಲಿಸಿ, ಒಳಗಿನಿಂದ ಮುದ್ರಿಸಿ. ಮರ ದನಿಯ ಚೂಪನ್ನು ನುಂಗಿ ಮಂದವನ್ನು ಮಾತ್ರ ಬಿಡುತ್ತದೆ, ಕಂಪ್ಯೂಟರಿನಲ್ಲಿ ಅದನ್ನು ತರುವುದು ಕಷ್ಟ. “ಮಗೂ, ಬಾಗಿಲು ತೆಗೆ, ನಾನು ಬಂದಿದ್ದೇನೆ.” ಒಂದೇ ಸಲ ಹೇಳಿಸಿ. ಆಮೇಲೆ ಮೂರು ರಾತ್ರಿಯೂ ಅದೇ ಮುದ್ರಣವನ್ನು ಕೂದಲೆಳೆಯಷ್ಟೂ ಬದಲಿಸದೆ ಬಳಸಿ. ಮನುಷ್ಯರು ಒಂದು ವಾಕ್ಯವನ್ನು ಎರಡು ಸಲ ಒಂದೇ ರೀತಿ ಹೇಳುವುದಿಲ್ಲ. ಉಸಿರು ಬದಲಾಗುತ್ತದೆ, ಸಿಟ್ಟು ಬರುತ್ತದೆ, ದಣಿವು ಸೇರುತ್ತದೆ. ಎರಡನೆಯ ರಾತ್ರಿ ನೋಡುವವರಿಗೆ ಏನೋ ಸರಿಯಿಲ್ಲ ಎನಿಸುತ್ತದೆ, ಏನೆಂದು ತಿಳಿಯುವುದಿಲ್ಲ. ಮೂರನೆಯ ರಾತ್ರಿ ತಿಳಿಯುತ್ತದೆ.

ಬೆಳಕಿನ ಬಗ್ಗೆ ಸ್ವಲ್ಪದರಲ್ಲಿ ಹೇಳಿ ಮುಗಿಸುತ್ತೇನೆ, ಅದು ನನ್ನ ಕ್ಷೇತ್ರವಲ್ಲ. ನಮ್ಮ ದೇಶದ ವಿದ್ಯುತ್ತು 50 ಹರ್ಟ್ಸ್. ಸೆಕೆಂಡಿಗೆ 25 ಚೌಕಟ್ಟು (ಫ್ರೇಮ್), ಶಟರ್ 1/50 ಸೆಕೆಂಡ್ ಇಟ್ಟರೆ ಮನೆಯ ಟ್ಯೂಬ್‌ಲೈಟ್ ಚಿತ್ರದಲ್ಲಿ ಮಿಣುಕುವುದಿಲ್ಲ. ಎಲ್‌ಇಡಿ ಬಲ್ಬುಗಳನ್ನು ಮೊದಲೇ ಪರೀಕ್ಷಿಸಿಕೊಳ್ಳಿ. ಮೊಬೈಲ್ ಟಾರ್ಚನ್ನು ನೀರು ತುಂಬಿದ ಬಕೆಟಿನ ಮೇಲೆ ಓರೆಯಾಗಿ ಹಿಡಿದರೆ ಚಾವಣಿಯ ಮೇಲೆ ನೀರಿನ ನೆರಳು ಆಡುತ್ತದೆ. ಕೆಳಗೆ ಪ್ರವಾಹವಿದೆ ಎಂದು ನಂಬಿಸಲು ಅಷ್ಟು ಸಾಕು. ಇಡೀ ನಗರದ ವಿದ್ಯುತ್ ಹೋಗುವುದುಂಟೇ ಎಂದು ಯಾರಾದರೂ ಕೇಳಿದರೆ 2020ರ ಅಕ್ಟೋಬರ್ 12ನ್ನು ನೆನಪಿಸಿ. ಅಂದು ಬೆಳಗ್ಗೆ ಮುಂಬೈಯ ಬಹುಭಾಗದಲ್ಲಿ ವಿದ್ಯುತ್ ಹೋಗಿ ಲೋಕಲ್ ರೈಲುಗಳು ನಿಂತ ಜಾಗದಲ್ಲೇ ನಿಂತಿದ್ದವು.

ದುಡ್ಡಿನಲ್ಲಿ ಮೂರನೆಯ ಒಂದು ಪಾಲನ್ನು ಧ್ವನಿಗೆ ತೆಗೆದಿಡಿ. ಒಳ್ಳೆಯ ಮೈಕು, ಅದನ್ನು ಹಿಡಿಯಲು ಕಲಿತವರು ಮತ್ತು ಕೊನೆಯ ಧ್ವನಿ ಮಿಶ್ರಣ. ಇನ್ನೊಂದು ಪಾಲು ಊಟ, ತಿಂಡಿ, ರಾತ್ರಿ ಮನೆಗೆ ತಲುಪಿಸುವ ವಾಹನಕ್ಕೆ. ಉಳಿದದ್ದರಲ್ಲಿ ಎರಡು ಹಾರ್ಡ್ ಡಿಸ್ಕ್, ಬಾಡಿಗೆ ಲೆನ್ಸ್ ಮತ್ತು ಅನಿರೀಕ್ಷಿತ ಖರ್ಚು.

ಮಕ್ಕಳ ವಿಚಾರದಲ್ಲಿ ಕಾನೂನು ಸ್ಪಷ್ಟವಾಗಿದೆ, ಓದಿಕೊಂಡೇ ಮುಂದುವರಿಯಿರಿ. ಬಾಲ ಕಾರ್ಮಿಕ ಕಾನೂನಿಗೆ 2016ರಲ್ಲಿ ಆದ ತಿದ್ದುಪಡಿ ಮತ್ತು 2017ರ ನಿಯಮಗಳ ಪ್ರಕಾರ, ಹದಿನಾಲ್ಕು ತುಂಬದ ಮಗು ಕಲಾವಿದನಾಗಿ ಅಭಿನಯಿಸಬಹುದು, ಆದರೆ ಜಿಲ್ಲಾ ದಂಡಾಧಿಕಾರಿಯ ಅನುಮತಿ ಬೇಕು. ದಿನಕ್ಕೆ ಐದು ಗಂಟೆಗಿಂತ ಹೆಚ್ಚು ಕೆಲಸ ಮಾಡಿಸುವಂತಿಲ್ಲ, ವಿಶ್ರಾಂತಿಯಿಲ್ಲದೆ ಮೂರು ಗಂಟೆ ಮೀರುವಂತಿಲ್ಲ. ಐದು ಮಕ್ಕಳಿಗೆ ಕನಿಷ್ಠ ಒಬ್ಬ ಜವಾಬ್ದಾರಿಯುತ ವ್ಯಕ್ತಿ ಸ್ಥಳದಲ್ಲಿರಬೇಕು. ಮಗುವಿನ ಗಳಿಕೆಯಲ್ಲಿ ಶೇಕಡಾ 20ರಷ್ಟನ್ನು ಅದರ ಹೆಸರಿನಲ್ಲಿ ಠೇವಣಿ ಇಡಬೇಕು. ನಿಮ್ಮ ಹದಿಮೂರರ ಹುಡುಗನಿಗೆ ಇದೆಲ್ಲ ಅನ್ವಯಿಸುತ್ತದೆ. ಗೆಳೆಯರ ಸಿನಿಮಾ ತಾನೆ ಎಂದು ತಳ್ಳಿಹಾಕಬೇಡಿ. ಅವನ ದೃಶ್ಯಗಳನ್ನು ಹಗಲಿನಲ್ಲಿ, ಕಿಟಕಿಗೆ ಕಪ್ಪು ಬಟ್ಟೆ ಕಟ್ಟಿ ಚಿತ್ರಿಸಿ. ಹತ್ತು ಗಂಟೆಗೆ ಅವನು ಮಲಗಿರಬೇಕು. ಕಟ್ಟಡದ ಸೊಸೈಟಿಯಿಂದ ಲಿಖಿತ ಒಪ್ಪಿಗೆ ಪಡೆಯಿರಿ, ಸ್ಥಳೀಯ ಪೊಲೀಸ್ ಠಾಣೆಗೆ ಮೊದಲೇ ತಿಳಿಸಿ. ರಾತ್ರಿ ಮಕ್ಕಳು ಕಿರುಚುವ ಸದ್ದು ಕೇಳಿ ಪಕ್ಕದ ಕಟ್ಟಡದವರು ಓಡಿ ಬಂದರೆ ಅದು ಅವರ ತಪ್ಪಲ್ಲ. ಚಿತ್ರಮಂದಿರದಲ್ಲಿ ತೋರಿಸುವ ಯೋಚನೆಯಿದ್ದರೆ ಸೆನ್ಸಾರ್ ಪ್ರಮಾಣಪತ್ರದ ಬಗ್ಗೆಯೂ ಈಗಲೇ ನಿರ್ಧರಿಸಿ. 2024ರ ಹೊಸ ನಿಯಮಗಳಲ್ಲಿ ಪೋಷಕರ ಮಾರ್ಗದರ್ಶನ ಬೇಕಾದ ಯುಎ ವರ್ಗವನ್ನು 7, 13, 16 ವರ್ಷಗಳೆಂದು ಮೂರು ಮಾಡಿದ್ದಾರೆ. ರಕ್ತ ಸುರಿಸಿ, ವಯಸ್ಕರಿಗೆ ಮಾತ್ರ ಎನ್ನುವ ‘ಎ’ ಪಡೆದರೆ ನಿಮ್ಮಲ್ಲಿ ಹದಿನೆಂಟು ತುಂಬದವರು ತಮ್ಮದೇ ಸಿನಿಮಾವನ್ನು ಚಿತ್ರಮಂದಿರದಲ್ಲಿ ನೋಡುವಂತಿಲ್ಲ.

ಕೊನೆಯ ಪ್ರಶ್ನೆ. ದೊಡ್ಡವರು ಬರಲಿ. ಐದನೆಯ ದಿನ ಬೆಳಗ್ಗೆ, ಮಳೆ ನಿಂತ ಮೇಲೆ, ಬಾಗಿಲು ಬಡಿಯಲಿ. ಅಮ್ಮನ ದನಿ ಬರಲಿ. ಮೂರು ರಾತ್ರಿ ಅದೇ ದನಿ ಕೇಳಿ ಬಾಗಿಲು ತೆಗೆಯದೆ ಉಳಿದುಕೊಂಡ ಹುಡುಗಿ ಈಗ ಏನು ಮಾಡಬೇಕು?

2005ರ ಆ ಮರುದಿನ ನನ್ನ ಹೆಂಡತಿ ಫೋರ್ಟ್‌ನಿಂದ ನಡೆದು ಮಧ್ಯಾಹ್ನದ ಹೊತ್ತಿಗೆ ಮನೆ ತಲುಪಿದಳು. ಬಾಗಿಲು ಬಡಿದಳು, ಕರೆದಳು. ಮಗಳು ತೆಗೆಯಲಿಲ್ಲ. ಅಷ್ಟು ಹೊತ್ತಿಗೆ ಅವಳಿಗೆ ಯಾವ ದನಿಯನ್ನೂ ನಂಬುವ ಶಕ್ತಿ ಉಳಿದಿರಲಿಲ್ಲ. ಹೊರಗೆ ನಿಂತ ತಾಯಿ ಕಂಗಾಲಾಗಿ, ಮಗಳನ್ನು ಕರೆಯಲು ಹೋಗಿ ಮಗನ ಹೆಸರು ಹಿಡಿದು ಕೂಗಿದಳು, ತಟ್ಟನೆ ತಿದ್ದಿಕೊಂಡು ಮಗಳ ಹೆಸರು ಹೇಳಿದಳು. ಅವಳು ದಿನವೂ ಮಾಡುತ್ತಿದ್ದ ತಪ್ಪು ಅದು. ಚಿಲಕ ತೆಗೆದದ್ದು ಆಗ.

ನಿಮ್ಮ ಸಿನಿಮಾದಲ್ಲಿ ಐದನೆಯ ದಿನ ಬರುವ ಅಮ್ಮನ ಮಾತುಗಳನ್ನು ಹೊಸದಾಗಿ ಮುದ್ರಿಸಿಕೊಳ್ಳಿ, ಹಳೆಯ ಮುದ್ರಣ ಬೇಡ. ಕೆಮ್ಮು, ಏದುಸಿರು, ತಪ್ಪಿದ ಹೆಸರು ಎಲ್ಲವೂ ಇರಲಿ. ಕ್ಯಾಮೆರಾ ಕೊನೆಯವರೆಗೂ ಬಾಗಿಲಿನ ಒಳಗೇ, ಹುಡುಗಿಯ ಕಿವಿಯ ಹತ್ತಿರವೇ ಇರಲಿ. ಚಿಲಕದ ಸದ್ದಿಗೆ ನಿಮ್ಮ ಮನೆಯ ಚಿಲಕವನ್ನೇ ಬಳಸಿ, ಎಣ್ಣೆ ಹಾಕಬೇಡಿ.

ಈ ದೃಶ್ಯವನ್ನು ಮೊದಲು ಬರೆದು ಕಳುಹಿಸಿ. ಮೈಕು ನನ್ನ ಬಳಿ ಇದೆ, ಒಂದು ವಾರ ಮೊದಲೇ ತಿಳಿಸಿದರೆ ತಂದುಕೊಡುತ್ತೇನೆ.